‘ಹಸಿವಿನ ಹಾರ್ಮೋನ್’ ಸೊಪ್ಪಿಗೆ ಹೊಡೆದರೆ ರೇಷ್ಮೆ ಹುಳು ಜಾಸ್ತಿ ತಿನ್ನುತ್ತಾ?

ಸೊಪ್ಪಿನಮನೆ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಅಪ್ಪನ ಕಾಲದಿಂದಲೂ ಹುಳು ಮೇಯಿಸುತ್ತೇವೆ. ನಾನು ಬಿಎಸ್ಸಿ ಮುಗಿಸಿ ಈಗ ಪೂರ್ತಿ ಇದಕ್ಕೇ ಇಳಿದಿದ್ದೇನೆ.

ಮೊನ್ನೆ ಔಷಧಿ ಅಂಗಡಿಯಲ್ಲಿ ಒಂದು ಸಣ್ಣ ಬಾಟಲಿ ತೋರಿಸಿದರು. ‘ಇದರಲ್ಲಿ ಹುಳುವಿನ ಮೆದುಳಿನ ಪೆಪ್ಟೈಡ್ ಇದೆ. ನಾಲ್ಕನೇ ಜ್ವರ (ಪೊರೆ ಬಿಡೋ ಹೊತ್ತಿನ ನಿದ್ದೆ) ಎದ್ದ ಮೇಲೆ ಸೊಪ್ಪಿಗೆ ಹೊಡೀರಿ. ಹಸಿವು ಜಾಸ್ತಿಯಾಗುತ್ತೆ, ಗೂಡಿನ ತೂಕ ಏರುತ್ತೆ’ ಅಂದರು. ಲೇಬಲ್ ಮೇಲೆ ಒಳಗೇನಿದೆ, ಎಷ್ಟಿದೆ ಅಂತ ಒಂದಕ್ಷರವೂ ಇಲ್ಲ. ಬೆಲೆ ಕೇಳಿ ಬಾಟಲಿಯನ್ನು ಮೆಲ್ಲಗೆ ವಾಪಸ್ ಇಟ್ಟು ಬಂದೆ. ಆದರೆ ಅವರು ತಲೆಗೆ ಹುಳ ಬಿಟ್ಟಿದ್ದಂತೂ ನಿಜ.

ನನ್ನ ಪ್ರಶ್ನೆ ಎರಡು. ಹುಳುವಿನ ಹಸಿವನ್ನು ನಡೆಸುವ ಪೆಪ್ಟೈಡ್ ಅಂತ ನಿಜವಾಗಿ ಇದೆಯಾ? ಇದ್ದರೆ ಅದನ್ನು ಸೊಪ್ಪಿನ ಮೇಲೆ ಹೊಡೆದು ತಿನ್ನಿಸೋಕೆ ಆಗುತ್ತಾ?

ಇನ್ನೊಂದು ವಿಷಯ ನನ್ನನ್ನು ಮೊದಲಿಂದಲೂ ಕಾಡುತ್ತಿದೆ. ನಾಲ್ಕನೇ ಜ್ವರ ಕಳೆದ ಮೇಲಿನ ಐದನೇ ಹಂತದಲ್ಲಿ ರಾತ್ರಿ ಹುಳು ಮನೆಗೆ ಹೋದರೆ ಮಳೆ ಬಿದ್ದಂಥ ಸದ್ದು. ಅಷ್ಟು ತಿನ್ನುವ ಹುಳು ಒಂದು ದಿನ ಇದ್ದಕ್ಕಿದ್ದಂತೆ ಸೊಪ್ಪು ಮೂಸಿಯೂ ನೋಡಲ್ಲ. ಹೊಟ್ಟೆ ತುಂಬಿ ಬಿಡುತ್ತದೋ, ಅಥವಾ ಒಳಗಿಂದ ಯಾರೋ ‘ಸಾಕು’ ಅನ್ನುತ್ತಾರೋ?

---

ಪತಂಗ ಮೇಡಂ

ಬಾಟಲಿ ವಾಪಸ್ ಇಟ್ಟಿದ್ದು ಒಳ್ಳೇದಾಯ್ತು. ಪೆಪ್ಟೈಡ್, ಅಂದರೆ ಪ್ರೋಟೀನ್ ಥರದ ಸಣ್ಣ ಅಣು, ಇರೋದು ನಿಜ, ಒಂದಲ್ಲ, ಹತ್ತಾರು ಇವೆ. ಸೊಪ್ಪಿಗೆ ಹೊಡೆದರೆ ಕೆಲಸ ಮಾಡುತ್ತೆ ಅನ್ನೋದು ಮಾತ್ರ ಕಷ್ಟ. ಕಾರಣ ಆಮೇಲೆ ಹೇಳುತ್ತೇನೆ. ನಿಮ್ಮ ಮೂರನೇ ಪ್ರಶ್ನೆಯೇ ಎಲ್ಲಕ್ಕಿಂತ ಚೆನ್ನಾಗಿದೆ, ಅಲ್ಲಿಂದಲೇ ಶುರು ಮಾಡೋಣ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ, ಪಿಎಚ್‌ಡಿ ಮಾಡಿದ್ದು ಕೀಟಗಳ ಹಾರ್ಮೋನ್ ಮೇಲೆ. ಅದಕ್ಕೂ ಮೊದಲು ಕನಕಪುರದ ಕಡೆ ನಮ್ಮ ಅಜ್ಜಿ ಮನೆಯಲ್ಲಿ ಹಣ್ಣು ಹುಳು (ಗೂಡು ಕಟ್ಟಲು ತಯಾರಾದದ್ದು) ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟಿಗೆ, ಬಿಡೋದು ಮಕ್ಕಳ ಪಾಲಿನ ಕೆಲಸ. ಹಣ್ಣಾದ ಹುಳು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮೈಯ ಹಸಿರು ಛಾಯೆ ಹೋಗಿ ಬೆಳಕಿಗೆ ಹಿಡಿದರೆ ಆರಪಾರ ಕಾಣುತ್ತೆ. ಕೊನೆಯ ಹಿಕ್ಕೆ ಗಟ್ಟಿ ಇರಲ್ಲ, ಮೆತ್ತಗೆ ಒದ್ದೆಯಾಗಿರುತ್ತೆ. ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಾ ಎಲ್ಲಿ ಎಳೆ ಅಂಟಿಸಲಿ ಅಂತ ಹುಡುಕುತ್ತೆ. ಈಗ ಯೋಚನೆ ಮಾಡಿ. ಹೊಟ್ಟೆ ತುಂಬಿದ್ದಕ್ಕೆ ತಿನ್ನೋದು ಬಿಟ್ಟಿದ್ದರೆ ಹೊಟ್ಟೆ ತುಂಬಿರಬೇಕಿತ್ತು ಅಲ್ವಾ? ಆದರೆ ಆ ಹುಳುವಿನ ಕರುಳು ಖಾಲಿ. ಇದ್ದದ್ದನ್ನೆಲ್ಲ ಹೊರಗೆ ಹಾಕಿದ ಮೇಲೂ ಅದಕ್ಕೆ ಸೊಪ್ಪು ಬೇಡ. ಅಂದರೆ ಇದು ಹೊಟ್ಟೆಯ ಮಾತಲ್ಲ, ಮೆದುಳಿನ ಆಜ್ಞೆ.

ಇದನ್ನು ಮೊದಲು ತೋರಿಸಿದ್ದು ಪೋಲೆಂಡಿನ ಸ್ಟೆಫಾನ್ ಕೊಪೆಚ್. 1917ರಲ್ಲಿ ಮತ್ತೆ 1922ರಲ್ಲಿ ಅವರ ಪ್ರಯೋಗಗಳು ಪ್ರಕಟವಾದವು. ರೇಷ್ಮೆ ಹುಳು ಅಲ್ಲ, ಜಿಪ್ಸಿ ಮಾತ್ ಅನ್ನುವ ಪತಂಗದ ಕಂಬಳಿ ಹುಳು. ಕೊನೆಯ ಹಂತದ ಆರಂಭದಲ್ಲೇ ಮೆದುಳು ತೆಗೆದರೆ ಹುಳು ಬದುಕಿರುತ್ತೆ, ಆದರೆ ಕೋಶ (ಪ್ಯೂಪಾ) ಆಗಲ್ಲ. ಕೆಲವು ದಿನ ಬಿಟ್ಟು ತೆಗೆದರೆ ಮೆದುಳಿಲ್ಲದೆಯೂ ಕೋಶವಾಗುತ್ತೆ! ಅಷ್ಟರೊಳಗೆ ಮೆದುಳು ತನ್ನ ಸಂದೇಶವನ್ನು ರಕ್ತಕ್ಕೆ ಬಿಟ್ಟಾಗಿರುತ್ತೆ. ನರದ ಜೀವಕೋಶವೂ ಹಾರ್ಮೋನ್ ಸುರಿಸುತ್ತೆ ಅನ್ನುವ ಮಾತು ಅಲ್ಲಿಂದ ಶುರು. ಆಗ ಜನ ಅಷ್ಟಾಗಿ ನಂಬಲಿಲ್ಲ.

ಆ ಸಂದೇಶದ ಹೆಸರು ಪಿಟಿಟಿಎಚ್ (ಪ್ರೋಥೊರಾಸಿಕೋಟ್ರೋಪಿಕ್ ಹಾರ್ಮೋನ್). ರೇಷ್ಮೆ ಹುಳುವಿನ ಮೆದುಳಿನಲ್ಲಿ ಅದನ್ನು ತಯಾರಿಸೋದು ಬರೀ ಎರಡು ಜೊತೆ ಜೀವಕೋಶ, ಅಂದರೆ ಎಡಕ್ಕೆ ಎರಡು, ಬಲಕ್ಕೆ ಎರಡು. ಇಂಥ ಹಾರ್ಮೋನ್ ಸುರಿಸುವ ಜೀವಕೋಶಗಳನ್ನು ಜೀವಂತ ಮೆದುಳಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು ನೀವು. ಸುತ್ತಲಿನ ಪಾರದರ್ಶಕ ಭಾಗದ ನಡುವೆ ತೆಳು ನೀಲಿ ಬೆರೆತ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಬಣ್ಣ ಹಾಕಿರಲ್ಲ. ಒಳಗೆ ತುಂಬಿರುವ ಪೆಪ್ಟೈಡ್ ಕಣಗಳು ಬೆಳಕನ್ನು ಚೆದುರಿಸುವುದರಿಂದ ಆ ನೀಲಿ. ನಾನು ಮೊದಲ ಸಲ ನೋಡಿದಾಗ ಗೈಡ್ ಕರೆದದ್ದೂ ಕೇಳಿಸಿರಲಿಲ್ಲ.

ಪಿಟಿಟಿಎಚ್ ಎದೆಯ ಭಾಗದಲ್ಲಿರುವ ಪ್ರೋಥೊರಾಸಿಕ್ ಗ್ರಂಥಿಗೆ ಹೋಗಿ ‘ಎಕ್ಡೈಸೋನ್ ಬಿಡು’ ಅನ್ನುತ್ತೆ. ಪೊರೆ ಬಿಡಿಸುವ ಈ ಹಾರ್ಮೋನ್ ದೇಹದಲ್ಲಿ ಇನ್ನೊಂದು ರೂಪಕ್ಕೆ ತಿರುಗಿ ಏರಿದಾಗ ತಿನ್ನೋದು ನಿಲ್ಲುತ್ತೆ, ಕೂಡಿಟ್ಟ ಕೊಬ್ಬು ಕರಗಿ ಖರ್ಚಿಗೆ ಬರುತ್ತೆ. ಜ್ವರಕ್ಕೆ ಕೂತಾಗ ಹುಳು ಸೊಪ್ಪು ಮುಟ್ಟದೇ ಇರೋದಕ್ಕೂ, ಗೂಡು ಕಟ್ಟೋ ಮುಂಚೆ ನಿಲ್ಲಿಸೋದಕ್ಕೂ ಇದೇ ಕಾರಣ. ವ್ಯತ್ಯಾಸ ಎಲ್ಲಿ ಅಂದರೆ, ಜ್ವರದ ಹೊತ್ತಿಗೆ ರಕ್ತದಲ್ಲಿ ಜುವೆನೈಲ್ ಹಾರ್ಮೋನ್ ಇರುತ್ತೆ, ಅದಕ್ಕೇ ಪೊರೆ ಬಿಟ್ಟರೂ ಮತ್ತೆ ಹುಳುವೇ. ಕೊನೆಯಲ್ಲಿ ಅದು ಇಳಿದಿರುತ್ತೆ, ಅದಕ್ಕೇ ಗೂಡು.

ಇದು ದೊಡ್ಡ ‘ಸಾಕು’. ದಿನನಿತ್ಯದ ಸಣ್ಣ ‘ಸಾಕು’ ಬೇರೆ ಇದೆ. ಗಮನಿಸಿದ್ದೀರಾ, ಹುಳು ಒಂದೇ ಸಮ ತಿನ್ನಲ್ಲ. ಸ್ವಲ್ಪ ಹೊತ್ತು ಎಲೆಯ ಅಂಚನ್ನು ಮೇಲಿಂದ ಕೆಳಗೆ ಕತ್ತರಿಸುತ್ತಾ ಬರುತ್ತೆ, ಆಮೇಲೆ ಸುಮ್ನೆ ಬಿದ್ದಿರುತ್ತೆ, ಮತ್ತೆ ಶುರು. ಆ ಮತ್ತೆ ಶುರುವಾಗೋದನ್ನು ಟೋಕಿಯೋ ವಿಶ್ವವಿದ್ಯಾಲಯದವರು ಅಳೆದಿದ್ದಾರೆ. ಶಾರ್ಟ್ ನ್ಯೂರೋಪೆಪ್ಟೈಡ್ ಎಫ್ ಅನ್ನೋದನ್ನು ಚುಚ್ಚಿದರೆ ಹುಳು ಬೇಗ ತಿನ್ನಲು ತೊಡಗುತ್ತೆ. ಮಯೋಸಪ್ರೆಸಿನ್ ಅನ್ನೋದು ಉಲ್ಟಾ, ತಡ ಮಾಡಿಸುತ್ತೆ. ಹಣ್ಣಿನ ನೊಣ ಡ್ರೊಸೊಫಿಲಾದಲ್ಲಿ ಇನ್ನೂ ಚೆಂದದ ಉದಾಹರಣೆ ಇದೆ. ಎಳೆಯ ಮರಿಹುಳುವಿನ ಮೆದುಳಲ್ಲಿ ನ್ಯೂರೋಪೆಪ್ಟೈಡ್ ಎಫ್ ಜಾಸ್ತಿ. ತಿನ್ನೋದು ಬಿಟ್ಟು ಅಲೆಯುವ ವಯಸ್ಸಿಗೆ ಅದು ಇಳಿದುಹೋಗುತ್ತೆ. 2003ರಲ್ಲಿ ಪ್ರಯೋಗಾಲಯದಲ್ಲಿ ಅದನ್ನು ಇಳಿಯದಂತೆ ಮಾಡಿದಾಗ ದೊಡ್ಡ ಹುಳುಗಳೂ ತಿನ್ನುತ್ತಲೇ ಇದ್ದವು.

ಅಂಗಡಿಯವರು ಇಂಥ ಯಾವುದೋ ಲೇಖನ ಓದಿರಬೇಕು ಅಥವಾ ಓದಿದವರ ಮಾತು ಕೇಳಿರಬೇಕು. ಆದರೆ ಇವೆಲ್ಲ ಚುಚ್ಚಿದ್ದು ಅಥವಾ ವಂಶವಾಹಿ ಬದಲಿಸಿದ್ದು. ಒಂದನ್ನೂ ಎಲೆಗೆ ಸವರಿ ಕೊಟ್ಟಿದ್ದಲ್ಲ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಸಣ್ಣ ಸರ. ಬಾಯಿಂದ ಹೋದರೆ ಅದು ಬರೀ ಊಟ. ರೇಷ್ಮೆ ಹುಳುವಿನ ನಡುಗರುಳಿನ ಪಿಎಚ್ 10ರ ಆಸುಪಾಸು, ಅಂದರೆ ಕಟು ಕ್ಷಾರ, ಇರುತ್ತೆ, ಜೊತೆಗೆ ಪ್ರೋಟೀನ್ ಕತ್ತರಿಸುವ ಕಿಣ್ವಗಳು. ಸೊಪ್ಪಿನ ಪ್ರೋಟೀನನ್ನೇ ಪುಡಿ ಮಾಡುವ ಜಾಗ ಅದು. ಅಲ್ಲಿ ಈ ಸರ ಎಷ್ಟು ಹೊತ್ತು ಉಳಿದೀತು? ಉಳಿದರೂ ಕರುಳಿನ ಗೋಡೆ ದಾಟಬೇಕು. ದಾಟಿ ರಕ್ತಕ್ಕೆ ಬಂದರೆ ಅಲ್ಲೂ ಕತ್ತರಿಸುವ ಕಿಣ್ವಗಳಿವೆ. ಹುಳು ತಾನೇ ಬಿಟ್ಟ ಪೆಪ್ಟೈಡನ್ನೂ ಕೆಲಸ ಮುಗಿದ ಮೇಲೆ ಅವು ಅಳಿಸಿಹಾಕುತ್ತವೆ. ಇಲ್ಲದಿದ್ದರೆ ಸಂದೇಶ ನಿಲ್ಲೋದೇ ಇಲ್ಲವಲ್ಲ.

---

ಸೊಪ್ಪಿನಮನೆ ಹುಡುಗ

ಮೇಡಂ, ತುಂಬಾ ಥ್ಯಾಂಕ್ಸ್. ಆದರೆ ಒಂದು ಅನುಮಾನ. ಹುಳು ಹಣ್ಣಾಗೋ ಹೊತ್ತಿಗೆ ‘ಸಂಪೂರ್ಣ’ ಅನ್ನೋ ಔಷಧಿ ಹೊಡೆಯುತ್ತೇವಲ್ಲ, ಅದೂ ಹಾರ್ಮೋನೇ ಅಂತಾರೆ. ಅದನ್ನು ಸೊಪ್ಪಿಗೇ ಹೊಡೆಯೋದು. ಎಲ್ಲ ಹುಳು ಒಟ್ಟಿಗೆ ಹಣ್ಣಾಗೋದನ್ನು ನಾನೇ ನೋಡಿದ್ದೇನೆ. ಅದು ಹೇಗೆ ಕೆಲಸ ಮಾಡುತ್ತೆ?

---

ಪತಂಗ ಮೇಡಂ

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಬಂದ ‘ಸಂಪೂರ್ಣ’ದಲ್ಲಿರೋದು ಪೆಪ್ಟೈಡ್ ಅಲ್ಲ. ಗಿಡದಿಂದ ತೆಗೆದ ಎಕ್ಡೈಸೋನ್ ಜಾತಿಯ ವಸ್ತು, ಅಂದರೆ ಸ್ಟಿರಾಯ್ಡ್. ಪ್ರೋಟೀನ್ ಕತ್ತರಿಸುವ ಕಿಣ್ವಕ್ಕೆ ಅದರಲ್ಲಿ ಕತ್ತರಿಸೋಕೆ ಏನೂ ಸಿಗಲ್ಲ, ಹಾಗಾಗಿ ಕರುಳಿನಿಂದ ರಕ್ತಕ್ಕೆ ಹೋಗಬಲ್ಲದು. ಮೆದುಳು ಪಿಟಿಟಿಎಚ್ ಬಿಟ್ಟು, ಗ್ರಂಥಿ ಎಕ್ಡೈಸೋನ್ ಬಿಟ್ಟು ಆಗಬೇಕಾದ ಕೆಲಸದ ಕೊನೆಯ ಮೆಟ್ಟಿಲನ್ನು ನೀವು ಹೊರಗಿಂದ ಹತ್ತಿಸುತ್ತಿದ್ದೀರಿ, ಅಷ್ಟೇ.

ಇನ್ನೊಂದು ಗಮನಿಸಿ. ಅದು ಹಸಿವು ಹೆಚ್ಚಿಸಲ್ಲ, ನಿಲ್ಲಿಸುತ್ತೆ. ಅದಕ್ಕೇ ಒಂದಷ್ಟು ಹುಳು ಹಣ್ಣಾಗಿ ಕಂಡ ಮೇಲೆ ಮಾತ್ರ ಹೊಡೀರಿ ಅನ್ನೋದು. ಎರಡು ದಿನ ಮುಂಚೆ ಹೊಡೆದರೆ ತಿನ್ನಬೇಕಾದ ಹುಳುವನ್ನೂ ಚಂದ್ರಿಕೆಗೆ ಅಟ್ಟಿದ ಹಾಗೆ. ಒಂದು ಮಟ್ಟದ ತೂಕ ದಾಟಿದ ಹುಳು ಸೊಪ್ಪು ತಪ್ಪಿದರೂ ಗೂಡು ಕಟ್ಟಿಯೇ ತೀರುತ್ತೆ. ಆದರೆ ಗೂಡು ಸಣ್ಣದು, ಎಳೆ ಕಡಿಮೆ. ಹುಳು ತನ್ನ ಜನ್ಮದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ತಿನ್ನೋದು ಐದನೇ ಹಂತದಲ್ಲೇ. ಅಲ್ಲಿ ಒಂದು ದಿನ ಕಡಿಮೆ ಆದರೂ ಹರಾಜಿನಲ್ಲಿ ಗೊತ್ತಾಗುತ್ತೆ.

ಎಕ್ಡೈಸೋನ್ ಕತೆಯೂ ನಮ್ಮ ಹುಳುವಿನದೇ. 1954ರಲ್ಲಿ ಜರ್ಮನಿಯ ಬೂಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆ ಕೋಶದಿಂದ ತೆಗೆದದ್ದು 25 ಮಿಲಿಗ್ರಾಂ. ಪೆಪ್ಟೈಡ್ ಹುಡುಕೋದು ಇನ್ನೂ ಗೋಳು. ಜಪಾನಿನವರು ಲಕ್ಷಗಟ್ಟಲೆ ಪತಂಗದ ತಲೆ ಕತ್ತರಿಸಿ ಇದೇ ಪಿಟಿಟಿಎಚ್ ಅಂದುಕೊಂಡು ಒಂದನ್ನು ಶುದ್ಧ ಮಾಡಿದರು. 1984ರಲ್ಲಿ ಅದರ ರಚನೆ ನೋಡಿದರೆ ನಮ್ಮ ಇನ್ಸುಲಿನ್‌ಗೆ ಹೋಲುತ್ತೆ! ಪರೀಕ್ಷೆಗೆ ಅವರು ಬಳಸಿದ್ದು ಎರಿ ಅನ್ನುವ ಬೇರೆ ಜಾತಿಯ ರೇಷ್ಮೆ ಹುಳುವಿನ ಮೆದುಳು ತೆಗೆದ ಕೋಶ. ಎರಿ ಕೋಶಕ್ಕೆ ಅದು ಕೆಲಸ ಮಾಡುತ್ತಿತ್ತು, ಹಿಪ್ಪುನೇರಳೆ ಹುಳುವಿಗೆ ಮಾಡುತ್ತಿರಲಿಲ್ಲ. ಆಮೇಲೆ ಅದಕ್ಕೆ ಬಾಂಬಿಕ್ಸಿನ್ ಅಂತ ಬೇರೆ ಹೆಸರಿಟ್ಟರು. ಈಗ ನೋಡಿದರೆ ರೇಷ್ಮೆ ಹುಳುವಿನ ರಕ್ತದಲ್ಲಿರುವ ಟ್ರೆಹಲೋಸ್ ಅನ್ನುವ ಸಕ್ಕರೆಯನ್ನು ಅದು ಇಳಿಸುತ್ತೆ. ಅಂದರೆ ಹುಳುವಿಗೂ ಇನ್ಸುಲಿನ್ ಥರದ್ದು ಇದೆ. ನಮಗೆ ಒಂದೇ ಇನ್ಸುಲಿನ್ ವಂಶವಾಹಿ, ಇದಕ್ಕೆ ಬಾಂಬಿಕ್ಸಿನ್‌ಗೇ ಮೂವತ್ತಕ್ಕೂ ಜಾಸ್ತಿ. ಅಷ್ಟೊಂದು ಯಾಕೆ ಬೇಕಿತ್ತೋ, ನೀವೇ ಅದನ್ನು ಕೇಳಿ!

---

ಗ್ರೈನೇಜ್ ತಾತ

ಮೇಡಂ ಹೇಳಿದ್ದು ಸರಿ. ನೋಡಪ್ಪಾ, ನಾನು ಮೊಟ್ಟೆ ತಯಾರಿಕಾ ಕೇಂದ್ರದಲ್ಲಿ ನೌಕರಿ ಮಾಡಿ ನಿವೃತ್ತಿಯಾದವನು. ಪೆಪ್ಟೈಡ್ ಅಂದ್ರೆ ಬರೀ ಹಸಿವು ಅಂದುಕೋಬೇಡ. ನೀನು ತರೋ ಮೊಟ್ಟೆ ಹತ್ತು ದಿನಕ್ಕೆ ಒಡೆಯುತ್ತಾ, ಇಲ್ಲಾ ತಿಂಗಳುಗಟ್ಟಲೆ ಮಲಗುತ್ತಾ ಅನ್ನೋದನ್ನೂ ಒಂದು ಪೆಪ್ಟೈಡೇ ತೀರ್ಮಾನಿಸುತ್ತೆ.

ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆ ಬರೋ ತಳಿ) ಹೆಣ್ಣು ಚಿಟ್ಟೆಯ ಗಂಟಲ ಕೆಳಗಿನ ನರಗಂಟಿನಲ್ಲಿ ಡಯಾಪಾಸ್ ಹಾರ್ಮೋನ್ ಅಂತ ಬರುತ್ತೆ. 24 ಅಮೈನೋ ಆಮ್ಲದ ಸರ. ಅದು ಕೋಶದ ಹಂತದಲ್ಲೇ ಅಂಡಾಶಯಕ್ಕೆ ತಲುಪಿದರೆ ಮೊಟ್ಟೆ ಮಲಗುತ್ತೆ. ಇಟ್ಟಾಗ ಹಳದಿ, ಎರಡು ಮೂರು ದಿನಕ್ಕೆ ಕಪ್ಪಡರಿ ಬೂದು ಬಣ್ಣ. ತಟ್ಟೆ ನೋಡಿದರೇ ಗೊತ್ತಾಗಿಬಿಡುತ್ತೆ. ಅದಕ್ಕೇ ನಾವು ಮೊಟ್ಟೆ ಇಟ್ಟ ಸುಮಾರು ಇಪ್ಪತ್ತು ಗಂಟೆಗೆ, ಬಣ್ಣ ತಿರುಗೋ ಮುಂಚೆ, 46 ಡಿಗ್ರಿ ಬಿಸಿಯ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಐದು ನಿಮಿಷ ಅದ್ದಿ ತೊಳೀತಿದ್ದೆವು. ಆಗ ಮಲಗದೆ ಒಡೆಯುತ್ತೆ. ಆ ಆಸಿಡ್ ಆವಿಗೆ ಮೂಗು ಉರಿದು ಊಟದ ರುಚಿಯೇ ತಿಳೀತಿರಲಿಲ್ಲ.

ವಿಚಿತ್ರ ಇರೋದು ಇನ್ನೊಂದು ಕಡೆ. ಚಿಟ್ಟೆ ಮಲಗೋ ಮೊಟ್ಟೆ ಇಡಬೇಕಾ ಬೇಡವಾ ಅನ್ನೋದು ಆ ಚಿಟ್ಟೆ ತಾನು ಮೊಟ್ಟೆಯೊಳಗಿದ್ದಾಗ ಕಂಡ ಬಿಸಿ, ಬೆಳಕಿನ ಮೇಲೆ ನಿಂತಿರುತ್ತೆ. 25 ಡಿಗ್ರಿಯಲ್ಲಿ ಬೆಳಕಿನಲ್ಲಿ ಕಾವು ಕೊಟ್ಟ ದ್ವಿತಳಿ ಮೊಟ್ಟೆಯಿಂದ ಬಂದವಳು ಮಲಗೋ ಮೊಟ್ಟೆ ಇಡ್ತಾಳೆ. 15 ಡಿಗ್ರಿಯಲ್ಲಿ ಕತ್ತಲಲ್ಲಿ ಇಟ್ಟಿದ್ದರೆ ಅವಳ ಮೊಟ್ಟೆ ಮಲಗಲ್ಲ. ಹುಳುವಾಗಿ, ನಾಲ್ಕು ಜ್ವರ ಎದ್ದು, ಗೂಡು ಕಟ್ಟಿ, ಕೋಶವಾದರೂ ಆ ಲೆಕ್ಕ ಮರೆಯಲ್ಲ.

ನಮ್ಮ ಮೈಸೂರು ತಳಿ ಬಹುತಳಿ, ವರ್ಷಕ್ಕೆ ಹಲವು ಪೀಳಿಗೆ ಬರುತ್ತೆ, ಅದಕ್ಕೆ ಈ ರಗಳೆ ಇಲ್ಲ. ಎಲ್ಲ ತಾಯಿಯ ಕಡೆಯಿಂದ ಬರೋದಾದ್ದರಿಂದ, ಮೈಸೂರು ಹೆಣ್ಣಿಗೆ ಸಿಎಸ್‌ಆರ್2 ಅನ್ನೋ ದ್ವಿತಳಿ ಗಂಡು ಸೇರಿಸಿದ ಮಿಶ್ರತಳಿ ಮೊಟ್ಟೆಗೆ ಆಸಿಡ್ ಬೇಕಿಲ್ಲ. ದ್ವಿತಳಿ ಹೆಣ್ಣಿಟ್ಟ ಮೊಟ್ಟೆಗೆ ಬೇಕು.

---

ಜೋಳದ ಹೊಲ

ನಮ್ಮ ಕಡೆ ಸಮಸ್ಯೆ ಉಲ್ಟಾ. ನಾವು ಹಾವೇರಿ ಕಡೆಯವರು, ಮೆಕ್ಕೆಜೋಳ ಹಾಕುತ್ತೇವೆ. 2018ರಿಂದ ಫಾಲ್ ಆರ್ಮಿವರ್ಮ್ ಬಂದು ಸುಳಿಯನ್ನೇ ತಿಂದು ಹಾಕುತ್ತಿದೆ. ನಿಮಗೆ ಹುಳು ತಿನ್ನಬೇಕು, ನಮಗೆ ತಿನ್ನಬಾರದು. ಆ ‘ಸಾಕು’ ಅನ್ನೋ ಪೆಪ್ಟೈಡ್ ಹೊಡೆದು ಹುಳುವಿನ ಬಾಯಿ ಕಟ್ಟೋಕೆ ಆಗಲ್ವಾ?

---

ಮುದ್ದೆಪ್ರಿಯ

@ಜೋಳದ ಹೊಲ, ಇದೇ ಪ್ರಶ್ನೆಯ ಮೇಲೆ ತುಂಬಾ ಜನ ಕೆಲಸ ಮಾಡುತ್ತಿದ್ದಾರೆ ಸರ್. ನಾನು ಔಷಧ ರಸಾಯನಶಾಸ್ತ್ರ ಓದಿದವನು, ಆ ದಿಕ್ಕಿನಿಂದ ಹೇಳುತ್ತೇನೆ.

ಮೇಡಂ ಹೇಳಿದ ಅಡ್ಡಿ ಸತ್ಯ, ಸಹಜ ಪೆಪ್ಟೈಡ್ ಹೊಟ್ಟೆಯಲ್ಲಿ ಉಳಿಯಲ್ಲ. ಅದಕ್ಕೆ ಎರಡು ದಾರಿ ಇವೆ. ಒಂದು, ಸರದಲ್ಲಿ ಕಿಣ್ವ ಕಚ್ಚುವ ಜಾಗವನ್ನು ಹುಡುಕಿ ಅಲ್ಲಿ ಕಚ್ಚಲಾಗದ ಅಮೈನೋ ಆಮ್ಲ ಕೂರಿಸೋದು. ಅಮೆರಿಕದ ಟೆಕ್ಸಾಸ್‌ನಲ್ಲಿ ಕೃಷಿ ಇಲಾಖೆಯ ರೊನಾಲ್ಡ್ ನಾಕ್‌ಮನ್ ಕೈನಿನ್ ಅನ್ನುವ ಪೆಪ್ಟೈಡಿಗೆ ಹೀಗೆ ಮಾಡಿದರು. ಇವರೇ 1986ರಲ್ಲಿ ಜಿರಳೆಯಿಂದ ಸಲ್ಫಾಕೈನಿನ್ ಅನ್ನುವ ಇನ್ನೊಂದು ಪೆಪ್ಟೈಡ್ ಪತ್ತೆ ಮಾಡಿದ ತಂಡದವರು. ಅದು ಊಟ ಸಾಕು ಅನ್ನಿಸುವ ನಮ್ಮ ಹೊಟ್ಟೆಯ ಹಾರ್ಮೋನ್ ಕೋಲೆಸಿಸ್ಟೊಕೈನಿನ್‌ನ ದೂರದ ನೆಂಟ, ಮಿಡತೆಗೆ ಚುಚ್ಚಿದರೆ ಊಟ ಕಡಿಮೆ ಮಾಡುತ್ತೆ. ಗಟ್ಟಿ ಮಾಡಿದ ಕೈನಿನ್ ಬೆರೆಸಿದ ಆಹಾರ ಕೊಟ್ಟಾಗ ಗಿಡಹೇನುಗಳು ಊಟ ಬಿಟ್ಟು ಸತ್ತವು. ಪ್ರಯೋಗಾಲಯದ ಮಾತು ಇದು, ಹೊಲದ್ದಲ್ಲ.

ಎರಡನೇ ದಾರಿ ನನಗೆ ಜಾಸ್ತಿ ಇಷ್ಟ. ಪೆಪ್ಟೈಡನ್ನೇ ಬಿಟ್ಟುಬಿಡಿ. ಅದು ಹೋಗಿ ಕೂರುವ ಗ್ರಾಹಕಕ್ಕೆ (ಜೀವಕೋಶದ ಮೇಲಿನ ರಿಸೆಪ್ಟರ್) ಹೊಂದುವ ಬೇರೆ ಸಣ್ಣ ಅಣು ಹುಡುಕಿ. 2019ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಲಾರಾ ಡುವಾಲ್ ಮತ್ತು ಲೆಸ್ಲಿ ವೋಷಾಲ್ ಇದನ್ನು ಡೆಂಗ್ಯೂ ಸೊಳ್ಳೆಯ ಮೇಲೆ ಮಾಡಿ ತೋರಿಸಿದರು. ಹೆಣ್ಣು ಸೊಳ್ಳೆ ಹೊಟ್ಟೆ ತುಂಬ ರಕ್ತ ಕುಡಿದ ಮೇಲೆ ಕೆಲವು ದಿನ ನಮ್ಮ ಕಡೆ ತಿರುಗಿಯೂ ನೋಡಲ್ಲ. ಅದರ ಹಿಂದೆ ನ್ಯೂರೋಪೆಪ್ಟೈಡ್ ಗ್ರಾಹಕ ಒಂದಿದೆ. ಮನುಷ್ಯರ ಬೊಜ್ಜು ಇಳಿಸಲು ತಯಾರಿಸಿದ್ದ ಔಷಧಗಳು ಆ ಗ್ರಾಹಕವನ್ನೇ ತಟ್ಟುತ್ತವೆ. ಸೊಳ್ಳೆಗೆ ಅದನ್ನು ಕುಡಿಸಿದರೆ ರಕ್ತವನ್ನೇ ಕುಡಿಯದ ಸೊಳ್ಳೆಯೂ ಮನುಷ್ಯರ ವಾಸನೆಗೆ ಬರೋದು ಬಿಟ್ಟಿತು. ಹಾಗಂತ ಮನೆಯಲ್ಲಿ ಮಾತ್ರೆ ಕರಗಿಸಿ ಇಡೋಕೆ ಹೋಗಬೇಡಿ! ಅದೇ ಗ್ರಾಹಕಕ್ಕೆ ಮಾತ್ರ ಹೊಂದುವ, ಮನುಷ್ಯರಿಗೆ ತಟ್ಟದ ಅಣುಗಳನ್ನೂ ಅವರು ಹುಡುಕಿದ್ದಾರೆ.

ನಿಮ್ಮ ಜೋಳದ ಹುಳುವಿಗೆ ಇಂಥದ್ದು ಬಂದರೆ ಒಂದು ಕಷ್ಟವೂ ಜೊತೆಗೇ ಬರುತ್ತೆ. ಆರ್ಮಿವರ್ಮ್ ಮತ್ತು ರೇಷ್ಮೆ ಹುಳು ಎರಡೂ ಪತಂಗದ ಮರಿಗಳು. ಅದರ ಬಾಯಿ ಕಟ್ಟುವ ಅಣು ಇದರ ಬಾಯಿಯನ್ನೂ ಕಟ್ಟಬಹುದು. ಹುಳು ಕೊಲ್ಲಲು ಬಳಸುವ ಬಿಟಿ ಬ್ಯಾಕ್ಟೀರಿಯಾ ಕತೆ ಗೊತ್ತಲ್ಲ, 1901ರಲ್ಲಿ ಜಪಾನಿನಲ್ಲಿ ಇಶಿವಾತ ಅದನ್ನು ಕಂಡಿದ್ದೇ ಸಾಯುತ್ತಿದ್ದ ರೇಷ್ಮೆ ಹುಳುವಿನಲ್ಲಿ.

---

ಸೊಪ್ಪಿನಮನೆ ಹುಡುಗ

ಅಯ್ಯೋ, ಪಕ್ಕದ ಹೊಲದ ಔಷಧಿ ಗಾಳಿಗೆ ಬಂದರೆ ನಾವು ಈಗಲೇ ಒದ್ದಾಡುತ್ತೇವೆ!

ತಾತ, ಆಸಿಡ್ ಯಾಕೆ ಅನ್ನೋದು ಈಗ ತಿಳೀತು. ಎಳೆ ಹುಳು ಸಾಕಿ ಕೊಡೋ ಚಾಕಿ ಸೆಂಟರ್‌ನಲ್ಲಿ ಕೇಳಿದರೆ ‘ಹಾಗೇ ಮಾಡೋದು’ ಅಂತಾರೆ ಅಷ್ಟೇ.

ಮೇಡಂ, ಕೊನೆಯದಾಗಿ ಒಂದು. ಅಂಗಡಿಯವರು ಮತ್ತೆ ಸಿಕ್ಕಿದ್ದರು. ಒಂದು ಬಾಟಲಿ ಪುಕ್ಕಟೆ ಕೊಡುತ್ತೇನೆ, ನೋಡಿ ಹೇಳು ಅಂತಿದ್ದಾರೆ. ಪೆಪ್ಟೈಡ್ ಒಂದು ಸಿಕ್ಕರೂ ಅದಕ್ಕೆ ಒಂದೇ ಕೆಲಸ ಇರುತ್ತಾ? ಹಸಿವು ಅಂತ ಕೊಟ್ಟು ಬೇರೇನಾದರೂ ಆದರೆ?

---

ಪತಂಗ ಮೇಡಂ

ಒಂದೇ ಕೆಲಸ ಇರಲ್ಲ. ಕೊರಾಜೊನಿನ್ ಅಂತ ಒಂದಿದೆ. ಜಿರಳೆಯಲ್ಲಿ ಅದನ್ನು ಗುರುತಿಸಿದ್ದು ಹೃದಯದ ಬಡಿತ ಏರಿಸುತ್ತೆ ಅಂತ. ಅದೇ ಸರ ಸ್ವಲ್ಪ ವ್ಯತ್ಯಾಸದಲ್ಲಿ ಮಿಡತೆಯಲ್ಲಿ ಮೈ ಬಣ್ಣ ಕಪ್ಪಾಗಿಸುತ್ತೆ, ಗುಂಪು ಕಟ್ಟುವ ಮಿಡತೆಗೆ ಬರುವ ಕಪ್ಪು ಇದೆಯಲ್ಲ, ಅದು. ರೇಷ್ಮೆ ಹುಳುವಿಗೆ ಚುಚ್ಚಿದರೆ ಎರಡೂ ಅಲ್ಲ, ನೂಲು ಬಿಡುವ ವೇಗ ಕಡಿಮೆಯಾಗುತ್ತೆ! ಈಗ ಹೇಳಿ, ಜಿರಳೆಯ ಮೇಲೆ ನೋಡಿ ಬಾಟಲಿ ತುಂಬಿ ನಿಮ್ಮ ಚಂದ್ರಿಕೆಗೆ ತಂದರೆ ಏನಾಗುತ್ತೆ? ಡಯಾಪಾಸ್ ಹಾರ್ಮೋನ್ ಕೂಡ ಹಾಗೇ. ಅದನ್ನು ಬರೆಯುವ ವಂಶವಾಹಿಯೇ ಹೆಣ್ಣು ಚಿಟ್ಟೆ ಗಂಡನ್ನು ಕರೆಯಲು ಬಿಡುವ ವಾಸನೆಯನ್ನು ತಯಾರು ಮಾಡಿಸುವ ಪೆಪ್ಟೈಡನ್ನೂ ಬರೆಯುತ್ತೆ.

ಪುಕ್ಕಟೆ ಕೊಟ್ಟರೆ ಇಸ್ಕೊಳ್ಳಿ, ಪರೀಕ್ಷೆ ಮಾಡೋಣ. ಆದರೆ ಇಡೀ ಮನೆಗೆ ಹೊಡೀಬೇಡಿ. ನಾಲ್ಕನೇ ಜ್ವರದಿಂದ ಒಟ್ಟಿಗೆ ಎದ್ದ ಹುಳುಗಳನ್ನೇ ಎಣಿಸಿ ಮೂರು ತಟ್ಟೆಗೆ ಹಾಕಿ, ಪ್ರತಿ ತಟ್ಟೆಗೂ ಅಷ್ಟೇ ಹುಳು. ಒಂದಕ್ಕೆ ಬಾಟಲಿ ಬೆರೆಸಿದ ನೀರು ಹೊಡೆದ ಸೊಪ್ಪು. ಒಂದಕ್ಕೆ ಅಷ್ಟೇ ಬರೀ ನೀರು ಹೊಡೆದ ಸೊಪ್ಪು. ಒಂದಕ್ಕೆ ಏನೂ ಹೊಡೆಯದ್ದು. ಆ ನಡುವಿನ ತಟ್ಟೆ ಬಿಡಲೇಬೇಡಿ. ಬೇಸಿಗೆಯಲ್ಲಿ ಬಾಡಿದ ಸೊಪ್ಪಿಗೆ ಸುಮ್ನೆ ನೀರು ಚಿಮುಕಿಸಿದರೂ ಹುಳು ಜಾಸ್ತಿ ತಿನ್ನಬಹುದು, ಆ ಹೆಸರು ಬಾಟಲಿಗೆ ಹೋಗುತ್ತೆ.

ದಿನಾ ಪ್ರತಿ ತಟ್ಟೆಗೂ ಸೊಪ್ಪು ತೂಗಿ ಹಾಕಿ. ಉಳಿದ ಕಡ್ಡಿ ಎಲೆ ಬೇರೆ ಮಾಡಿ, ಹಿಕ್ಕೆಯನ್ನು ಜರಡಿ ಹಿಡಿದು ಒಣಗಿಸಿ ತೂಗಿ. ಎಷ್ಟು ತಿಂದಿತು ಅನ್ನೋದಕ್ಕೆ ಹಿಕ್ಕೆಗಿಂತ ನಂಬಿಕೆಯ ಸಾಕ್ಷಿ ಇಲ್ಲ. ಕೊನೆಗೆ ಗೂಡಿನ ತೂಕ ಒಂದು ಕಡೆ, ಕೋಶ ತೆಗೆದು ಬರೀ ಸಿಪ್ಪೆಯ ತೂಕ ಇನ್ನೊಂದು ಕಡೆ ಬರೆದಿಡಿ. ರೀಲರ್‌ಗೆ ನೂಲು ಸಿಗೋದು ಸಿಪ್ಪೆಯಿಂದಲೇ.

ಬಾಟಲಿ ತಟ್ಟೆಯ ಹುಳುಗಳು ಬೇಗ ಹಣ್ಣಾದರೆ ಅದರಲ್ಲಿರೋದು ಪೆಪ್ಟೈಡ್ ಅಲ್ಲ, ಎಕ್ಡೈಸೋನ್ ಇರಬಹುದು. ತುಂಬಾ ತಡವಾಗಿ ಹಣ್ಣಾಗಿ, ತಿನ್ನುತ್ತಲೇ ಇದ್ದರೆ ಜುವೆನೈಲ್ ಹಾರ್ಮೋನ್ ಜಾತಿಯದ್ದು ಏನೋ ಬೆರೆಸಿದ್ದಾರೆ ಅಂತ ಅನುಮಾನ ಪಡಿ. ಅಂಥದ್ದೂ ಮಾರುಕಟ್ಟೆಯಲ್ಲಿ ಇದೆ, ಪ್ರಮಾಣ ತಪ್ಪಿದರೆ ಗೂಡೇ ಕಟ್ಟದ ಹುಳು ಉಳಿಯುತ್ತೆ. ಮೂರೂ ತಟ್ಟೆ ಒಂದೇ ಥರ ಇದ್ದರೆ ಅದು ನೀರು. ಲೆಕ್ಕ ಇಲ್ಲೇ ಹಾಕಿ, ನಾನೂ ನೋಡುತ್ತೇನೆ.